ಬೆನಿಲ್ದೆ ‘ಸಾಕು’ ಅಂದಮೇಲೆ

ತಪಸ್ಸುಕಾಲದ ಮೂರನೇ ಶುಕ್ರವಾರ, ಮಾಂಸದ ಗಾಳಿಯೂ ಸೋಕಬಾರದ ದಿನ. ಸಂಜೆಯ ಪೂಜೆಯಲ್ಲಿ ಪರಮಪ್ರಸಾದಕ್ಕೆಂದು ಮಂಡಿಯೂರಿದ ಸೆನ್ಯೋರ ಬೆನಿಲ್ದೆಯ ಕೋಟಿನೊಳಗಿಂದ ಒಂದು ಚೊರಿಸೊ, ಅಂದರೆ ಕರುಳಿನಲ್ಲಿ ಹಂದಿಮಾಂಸ ತುಂಬಿ ಒಣಗಿಸಿದ್ದು, ಜಾರಿ ಬಿತ್ತು. ಬಿದ್ದದ್ದು ಬಿದ್ದಲ್ಲೇ ಇದ್ದಿದ್ದರೆ ಅವಳ ಲಂಗದ ಅಂಚು ಮಾನ ಮುಚ್ಚುತ್ತಿತ್ತು. ಆದರೆ ಅದು ಲಾಳದ ಹಾಗೆ ಬಾಗಿಸಿ ಕಟ್ಟಿದ ಜಾತಿಯದಲ್ಲ. ನೆಟ್ಟಗಿನದು, ದುಂಡಗಿನದು, ನಾಲ್ಕು ತಿಂಗಳು ಒಣಗಿ ಗಟ್ಟಿಯಾದದ್ದು. ಸುತ್ತಿದ್ದ ಪತ್ರಿಕೆಯಿಂದ ಬಿಡಿಸಿಕೊಂಡು, ಕಲ್ಲುಹಾಸಿನ ಮೇಲೆ ಉರುಳಿ ಉರುಳಿ, ಪಾದ್ರಿ ದೋನ್ ಸತುರಿಯೊ ಅವರ ಬೂಟಿನ ಬುಡಕ್ಕೆ ಹೋಗಿ ನಿಂತಿತು. ಉರುಳುಸೇವೆ ಮುಗಿಸಿದ ಭಕ್ತನ ಹಾಗೆ.

ಪಾದ್ರಿ ಕೆಳಗೆ ನೋಡಿದರು. ಆಮೇಲೆ ಬೆನಿಲ್ದೆಯನ್ನು ನೋಡಿದರು.

“ಬೆನಿಲ್ದೆ, ಇವತ್ತು ಶುಕ್ರವಾರ,” ಅಂದರು ಮೆಲ್ಲಗೆ.

“ಗೊತ್ತು ಫಾದರ್. ಅದಕ್ಕೂ ಗೊತ್ತು. ಅದಕ್ಕೇ ಹೊಟ್ಟೆಯೊಳಗೆ ಹೋಗದೆ ಹೊರಗಡೆ ಓಡಾಡ್ತಾ ಇದೆ.”

ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದವಳು ನಾನು. ಒಂಬತ್ತು ವರ್ಷ, ಕಾನ್ವೆಂಟಿನ ನೀಲಿ ಸಮವಸ್ತ್ರ, ಹೆಸರು ವೇಗಾ, ಓಟದಲ್ಲಿ ಯಾವಾಗಲೂ ಕೊನೆಯವಳು. ಆದರೆ ಅವತ್ತು ಎಲ್ಲರಿಗಿಂತ ಮೊದಲು ಬಗ್ಗಿದವಳು ನಾನೇ. ನೆಲಕ್ಕೆ ಬಿದ್ದ ರೊಟ್ಟಿಯನ್ನು ಎತ್ತಿದರೆ ಮುತ್ತಿಡಬೇಕು ಅಂತ ನಮ್ಮಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಚೊರಿಸೊಗೂ ಆ ನಿಯಮ ಸಲ್ಲುತ್ತದೋ ಇಲ್ಲವೋ ತಿಳಿಯದೆ, ಇರಲಿ ಅಂತ ಒಂದು ಮುತ್ತು ಕೊಟ್ಟೇ ಜೇಬಿಗಿಳಿಸಿದೆ. ಪೂಜೆ ಮುಗಿಯುವವರೆಗೂ ತುಟಿಯ ಮೇಲೆ ಬೆಳ್ಳುಳ್ಳಿ.

ಹೊರಗೆ ಮೆಟ್ಟಿಲ ಮೇಲೆ ಬೆನಿಲ್ದೆ ಕೈ ಚಾಚಿದಳು. “ಕೊಡು. ಅದು ನಮ್ಮ ಗಿರಾಕಿ ಅಬುಂದಿಯೊಗೆ. ಜ್ವರ ಬಂದು ಮಲಗಿದಾನೆ. ಬೆಳಗಾದ ಮೇಲೆ ತಿನ್ನು ಅಂತ ಹೇಳಿ ತಲೆದಿಂಬಿನ ಹತ್ರ ಇಟ್ಟು ಬರ್ತೀನಿ. ಯಾರ ಮಗಳೇ ನೀನು?”

ಹೇಳಿದೆ.

“ನಾಳೆ ಅಂಗಡಿಗೆ ಬಾ. ಚರ್ಚಿನಲ್ಲಿ ಚೊರಿಸೊ ಎತ್ತೋ ಧೈರ್ಯ ಇರೋಳಿಗೆ ಬೆಳ್ಳುಳ್ಳಿ ಸುಲಿಯೋದು ಕಷ್ಟವಾಗಲ್ಲ.”

ಹಾಗೆ ನಾನು ಆ ಅಂಗಡಿಯ ಹಿತ್ತಿಲ ಕೋಣೆಗೆ ಪ್ರವೇಶ ಪಡೆದೆ. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೇ ಇಸವಿ. ಸ್ವರ್ಗಕ್ಕೆ ಪ್ರವೇಶ ಇಷ್ಟು ಸುಲಭ ಅಂತ ಸಿಸ್ಟರುಗಳು ಎಂದೂ ಹೇಳಿರಲಿಲ್ಲ.

ನಮ್ಮ ಬೀದಿ ಸ್ಪೇನಿನ ಸಲಮಂಕಾ ಊರಿನದೇ, ಆದರೆ ನದಿಯ ಆಚೆ ದಂಡೆ. ವಿಶ್ವವಿದ್ಯಾಲಯ, ಎರಡೆರಡು ಮಹಾದೇವಾಲಯ, ವಿದ್ವಾಂಸರು, ಬಿಷಪ್ಪರು ಎಲ್ಲ ಈಚೆ. ಆಚೆ ನಾವು, ಮತ್ತು ನಮ್ಮ ಹಂದಿಮಾಂಸ. ಹಳೇ ಸೇತುವೆ ಇಳಿದು ಎಡಕ್ಕೆ ತಿರುಗಿದರೆ ಮೂರನೇ ಬಾಗಿಲು ಲುದಿವೀನೊನ ಅಂಗಡಿ. ಲುದಿವೀನೊ ಬೆನಿಲ್ದೆಯ ಗಂಡ. ಅವನ ಹೆಸರಿನ ಬಾಲದಲ್ಲೇ ವೀನೊ, ಅಂದರೆ ವೈನು ಇತ್ತು. ಉಳಿದ ಭಾಗದಲ್ಲೂ ಸಂಜೆಯ ಹೊತ್ತಿಗೆ ಅದೇ ಇರುತ್ತಿತ್ತು. ಒಳಗೆ ಹೋದರೆ ಎಡಗಡೆ ತೂಕದ ಕಟ್ಟೆ: ಚೊರಿಸೊ, ಒಣಗಿಸಿದ ಸೊಂಟದ ಮಾಂಸ, ಬೇಕನ್, ಬ್ರೆಡ್ಡಿನ ಪುಡಿ ಕೊಬ್ಬು ಬೆರೆಸಿ ತುಂಬಿದ ಬಡವರ ಫಾರಿನಾತೊ. ಬಲಗಡೆ ಕುಡಿಯುವ ಕಟ್ಟೆ. ಒಂದು ಲೋಟ ವೈನಿಗೆ ಒಂದು ತುಂಡು ಬ್ರೆಡ್ಡು, ಅದರ ಮೇಲೆ ಎರಡು ಹೋಳು ಚೊರಿಸೊ ಪುಕ್ಕಟೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವುದು ಲೋಕದ ಗಾದೆ. ನಮ್ಮ ಬೀದಿಯಲ್ಲಿ ಆ ಗಾದೆಯಿಂದ ನೀರನ್ನು ಮಾತ್ರ ತೆಗೆದುಹಾಕಿದ್ದರು.

ಮಾಡಿನ ತುಂಬ ಹಂದಿಯ ಇಡೀ ತೊಡೆಗಳು ನೇತಾಡುತ್ತಿದ್ದವು. ಪ್ರತಿಯೊಂದರ ಕೆಳಗೂ ಜಿನುಗುವ ಕೊಬ್ಬು ಹಿಡಿಯಲು ಒಂದು ಪುಟ್ಟ ಬಟ್ಟಲು ಚುಚ್ಚಿಟ್ಟಿರುತ್ತಿದ್ದರು. ಮೂರನೇ ತೊಡೆಯ ಬಟ್ಟಲು ಸೋರುತ್ತಿತ್ತು. ಬೋಳುತಲೆಯ ಖಾಯಂ ಗಿರಾಕಿಗಳಿಗೆ ಆ ಜಾಗ ಗೊತ್ತಿತ್ತು. ಅಲ್ಲಿ ಹೊಸಬರನ್ನು ನಿಲ್ಲಿಸಿ ಕಾಯುವುದು ಅವರ ಮುಖ್ಯ ಮನರಂಜನೆ. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ: ಹೊಗೆಯಲ್ಲಿ ಒಣಗಿದ ಕೆಂಪು ಮೆಣಸಿನ ಪುಡಿ, ಬೆಳ್ಳುಳ್ಳಿ, ಒದ್ದೆ ಮರದ ಹೊಟ್ಟು, ಗಂಡಸರ ಕೋಟು. ಪುಡಿಕೆ ಕಟ್ಟುವಾಗ ಬೆನಿಲ್ದೆ ಯಾರಿಗೆ ಎಷ್ಟು ಅಂತ ಕೇಳುತ್ತಿರಲಿಲ್ಲ. ಯಾರ ಮನೆಯಲ್ಲಿ ಎಷ್ಟು ಬಾಯಿ, ಯಾವ ಬಾಯಲ್ಲಿ ಎಷ್ಟು ಹಲ್ಲು ಅಂತ ಅವಳಿಗೆ ಗೊತ್ತಿತ್ತು. ಹಲ್ಲಿಲ್ಲದವರಿಗೆ ಹೋಳು ಕಾಗದದಷ್ಟು ತೆಳ್ಳಗೆ.

ಆದರೆ ಅವಳ ಹೆಸರು ಇದ್ದದ್ದು ಕೈಗಲ್ಲ, ನಾಲಗೆಗೆ.

ಡಿಸೆಂಬರಿನ ಚಳಿಯಲ್ಲಿ, ಹಳ್ಳಿಯಿಂದ ಎರಡು ಹಂದಿಗಳ ಮಾಂಸ ಬರುತ್ತಿತ್ತು. ಅದನ್ನು ಕೊಚ್ಚಿ, ಮೆಣಸಿನ ಪುಡಿ ಬೆಳ್ಳುಳ್ಳಿ ಓರೆಗಾನೊ ಹಾಕಿ, ಉದ್ದನೆಯ ಮರಿಗೆಯಲ್ಲಿ ಕಲಸಿ, ಕೊನೆಗೆ ಉಪ್ಪು ಹಾಕಿ ಎರಡು ದಿನ ಬಟ್ಟೆ ಮುಚ್ಚಿ ಇಡುವುದು. ಮೂರನೇ ದಿನ ಅದರಿಂದ ಒಂದಿಷ್ಟು ತೆಗೆದು ಬಾಣಲೆಯಲ್ಲಿ ಹುರಿಯುವುದು. ಅದಕ್ಕೆ ಚಿಚಾಸ್ ಅಂತ ಹೆಸರು. ಬೀದಿಗೆ ಬೀದಿಯೇ ಹಿತ್ತಿಲ ಕೋಣೆಗೆ ಬಂದು ಬ್ರೆಡ್ಡು ಹಿಡಿದು ನಿಲ್ಲುತ್ತಿತ್ತು. ಎಲ್ಲರಿಗಿಂತ ಮೊದಲು ಮುಳ್ಳುಚಮಚ ಎತ್ತುವ ಹಕ್ಕು ಬೆನಿಲ್ದೆಯದು. ಬಾಯಿಗಿಟ್ಟು, ಕಣ್ಣು ಮುಚ್ಚಿ, ಮುಖವನ್ನು ಮಾಡಿನ ಕಡೆ ಎತ್ತುತ್ತಿದ್ದಳು. ಇಪ್ಪತ್ತು ಜನ ಉಸಿರು ಹಿಡಿದು ನಿಂತಿರುತ್ತಿದ್ದರು. ಆಮೇಲೆ ಅವಳು ಎರಡರಲ್ಲಿ ಒಂದು ಮಾತು ಹೇಳುತ್ತಿದ್ದಳು. ‘ಇನ್ನೊಂದು ಹಿಡಿ’ ಅಥವಾ ‘ಸಾಕು’. ಅವಳು ಸಾಕು ಅನ್ನುವವರೆಗೆ ಒಂದು ಅಂಗುಲ ಕರುಳೂ ತುಂಬುತ್ತಿರಲಿಲ್ಲ. ಅಂದಮೇಲೆ ಮೇಲ್ಮನವಿ ಇಲ್ಲ. ಅಕ್ಕಪಕ್ಕದ ಮನೆಯವರೂ ತಮ್ಮ ತಮ್ಮ ಚಿಚಾಸನ್ನು ತಟ್ಟೆಯಲ್ಲಿ ಮುಚ್ಚಿಕೊಂಡು ಅವಳ ಹತ್ತಿರ ತರುತ್ತಿದ್ದರು, ಜಾತಕ ತೋರಿಸುವ ಹಾಗೆ.

ಇದು ಕಣ್ಣಿಗೆ ಚುಚ್ಚುತ್ತಿದ್ದದ್ದು ಒಬ್ಬಳಿಗೆ: ಅವಳ ನಾದಿನಿ ಒನೊರಿನಾ. ಲುದಿವೀನೊನ ತಂಗಿ, ಮದುವೆಯಾಗದವಳು, ಮಹಡಿಯ ಮೇಲೆ ವಾಸ. “ಎಲ್ಲರ ಬಾಯಲ್ಲೂ ಇರೋದು ನಾಲಗೆನೇ. ಅತ್ತಿಗೆ ಬಾಯಲ್ಲಿ ಏನು ತಕ್ಕಡಿ ಇದೆಯಾ?” ಅನ್ನುತ್ತಿದ್ದಳು.

“ತಕ್ಕಡಿ ಇಲ್ಲ, ಬೀಗ ಇದೆ. ನೀನೂ ಒಂದು ಹಾಕಿಸ್ಕೋ,” ಅನ್ನುತ್ತಿದ್ದಳು ಬೆನಿಲ್ದೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಉಪ್ಪು ಹಾಕುವವಳು ಸಾಮಾನ್ಯವಾಗಿ ಬೆನಿಲ್ದೆ. ಅವಳಿಗೆ ಗಿರಾಕಿಗಳ ಕಾಟವಾದರೆ ಒನೊರಿನಾ ಹಾಕುವಳು. ಹಾಕಿದವರು ಅಂಗೈಯ ಅಂಚಿನಿಂದ ಮಾಂಸದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಒಂದು ಶಿಲುಬೆ ಎಳೆಯಬೇಕು. ದೇವರ ಆಶೀರ್ವಾದಕ್ಕೆ ಅಂತ ಹೇಳಿಕೊಳ್ಳುತ್ತಿದ್ದರು. ನಿಜವಾದ ಕಾರಣ, ಉಪ್ಪು ಎರಡು ಸಲ ಬೀಳದಿರಲಿ ಅಂತ. ಶಿಲುಬೆ ಇದ್ದರೆ ಉಪ್ಪಿದೆ. ಇಲ್ಲದಿದ್ದರೆ ಇಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಬೆಳ್ಳುಳ್ಳಿ ಇಲಾಖೆಯವಳು.

ಆ ಡಿಸೆಂಬರಿನ ಗುರುವಾರ ಮಧ್ಯಾಹ್ನ ಶಾಲೆಯಿಂದ ಬಂದಾಗ ಹಿತ್ತಿಲ ಕೋಣೆಯಲ್ಲಿ ಯಾರೂ ಇರಲಿಲ್ಲ. ಬೆನಿಲ್ದೆ ಕಲಸುವುದು ಮುಗಿಸಿ, ಉಪ್ಪಿನ ಜಾಡಿ ಕೆಳಗಿಳಿಸುವಷ್ಟರಲ್ಲಿ ಮುಂದೆ ಯಾರೋ ಕಾಲು ಕಿಲೋ ಬೇಕನ್ ಕೊಡಿ ಅಂತ ಕೂಗಿದ್ದರು. ಮರಿಗೆಯ ತುಂಬ ಎಂಬತ್ತು ಕಿಲೋ ಕೆಂಪು ಮಾಂಸ, ನುಣ್ಣಗೆ ತಟ್ಟಿ ಸಮಮಾಡಿದ್ದು, ಹೊಸ ನೋಟ್‌ಬುಕ್ಕಿನ ಮೊದಲ ಪುಟದ ಹಾಗೆ ಖಾಲಿ. ನಮ್ಮ ಸಿಸ್ಟರ್ ಪೆರ್ಪೆತುವಾ ಯಾವ ಪುಟವನ್ನೂ ಶಿಲುಬೆ ಹಾಕದೆ ಶುರು ಮಾಡಲು ಬಿಡುತ್ತಿರಲಿಲ್ಲ. ನಾನು ಸಮವಸ್ತ್ರದ ತೋಳನ್ನೂ ಮಡಚದೆ, ಅಂಗೈಯ ಅಂಚಿನಿಂದ ಒಂದು ಶಿಲುಬೆ ಎಳೆದೆ. ದುಂಡಕ್ಷರಕ್ಕೆ ಬಹುಮಾನ ಪಡೆದ ಕೈ. ಬಹಳ ಚೆನ್ನಾಗಿ ಬಂತು.

ಬೆನಿಲ್ದೆ ಒಳಗೆ ಬಂದಳು, ನೋಡಿದಳು, ಮೂಗಿನಿಂದ ಒಂದು ಸದ್ದು ಹೊರಡಿಸಿದಳು.

“ಹಾಕೇಬಿಟ್ಟಳು ಮಹಾರಾಣಿ. ಎರಡು ನಿಮಿಷ ತಡೆಯೋಕಾಗಲಿಲ್ಲ,” ಅಂತ ಗೊಣಗಿ ಬಟ್ಟೆ ಹೊದಿಸಿದಳು.

ಮಹಾರಾಣಿ ಅಂದರೆ ಒನೊರಿನಾ. ಹೋಗಿ ಕೇಳಬಹುದಿತ್ತು. ಆದರೆ ಅಂಗಡಿಯ ಪರದೆಗೆ ಹಸಿರು ಬಟ್ಟೆಯೋ ಕಂದು ಬಟ್ಟೆಯೋ ಅನ್ನುವ ವಿಷಯದಲ್ಲಿ ಅತ್ತಿಗೆ ನಾದಿನಿ ಮಾತು ಬಿಟ್ಟು ಮೂರು ವಾರವಾಗಿತ್ತು. ಸಂಜೆ ಒನೊರಿನಾ ಇಳಿದು ಬಂದು ಬಟ್ಟೆಯ ತುದಿ ಎತ್ತಿ ನೋಡಿದಳು. ಶಿಲುಬೆ ಇತ್ತು. ಅತ್ತಿಗೆ ಹಾಕಿಯಾಯಿತು ಅಂದುಕೊಂಡು ಅವಳೂ ಮೂಗಿನಿಂದ ಅದೇ ಸದ್ದು ಹೊರಡಿಸಿ ಮೇಲೆ ಹೋದಳು. ನನ್ನ ಶಿಲುಬೆಯನ್ನು ಇಬ್ಬರೂ ನೋಡಿದರಲ್ಲ ಅಂತ ನನಗೆ ಹೆಮ್ಮೆ.

ಶನಿವಾರ ಬಾಣಲೆ ಏರಿತು. ಕೋಣೆ ತುಂಬ ಜನ. ಜ್ವರದಿಂದ ಎದ್ದು ಮೈ ತುಂಬಿಕೊಂಡಿದ್ದ ಅಬುಂದಿಯೊ, ರೈಲ್ವೆಯಿಂದ ನಿವೃತ್ತನಾದವನು, ಎಲ್ಲರಿಗಿಂತ ಮುಂದೆ. ಕರುಳು ಮಾರುವ ಪ್ರಿಸ್ಕಾ ತೊಳೆದ ಕರುಳಿನ ಬೋಗುಣಿ ಹಿಡಿದು ಸಿದ್ಧ. ದೋನ್ ಸತುರಿಯೊ ಆಶೀರ್ವದಿಸಲು ಬಂದೆ ಅನ್ನುತ್ತಾ ಬಾಣಲೆಯ ಗಾಳಿ ಬೀಸುವ ಕಡೆಗೇ ಕುರ್ಚಿ ಹಾಕಿಕೊಂಡಿದ್ದರು. ಬೆನಿಲ್ದೆ ಮುಳ್ಳುಚಮಚ ಎತ್ತಿದಳು. ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಮುಖ ಮಾಡಿನ ಕಡೆ ಎತ್ತಿದಳು.

“ಸಾಕು,” ಅಂದಳು.

ಹೋ ಅಂತ ಎಲ್ಲರೂ ಕೈ ಹಾಕಿದರು. ನಾನೂ ತಿಂದೆ. ನನಗೆ ಅದು ಪರಮಪ್ರಸಾದದ ಅಪ್ಪದ ಹಾಗೆ ಸಪ್ಪೆ ಅನ್ನಿಸಿತು. ಅಪ್ಪದ ವಿಷಯದಲ್ಲಿ ಹಾಗನ್ನಿಸಿದಾಗ ದೋಷ ಅಪ್ಪದ್ದಲ್ಲ, ನಿನ್ನ ಭಕ್ತಿಯದ್ದು ಅಂತ ಸಿಸ್ಟರ್ ಹೇಳಿದ್ದರು. ಇನ್ನೊಂದು ತುತ್ತು ಭಕ್ತಿಯಿಂದ ತಿಂದೆ. ಸುತ್ತ ನೋಡಿದರೆ ಅಬುಂದಿಯೊ ತಲೆದೂಗುತ್ತಿದ್ದ. ಪ್ರಿಸ್ಕಾ, “ಈ ವರ್ಷ ಏನೋ ಒಂಥರಾ ನಾಜೂಕಾಗಿದೆ,” ಅಂದಳು. ಒನೊರಿನಾ ಎರಡು ಸಲ ಅಗಿದು, ಅತ್ತಿಗೆಯ ಮುಖ ನೋಡಿ, ಮಾತು ಬಿಟ್ಟಿರುವುದು ನೆನಪಾಗಿ, ನುಂಗಿಕೊಂಡಳು. ಮಾಂಸವನ್ನೂ, ಮಾತನ್ನೂ.

ಸಂಜೆಯೊಳಗೆ ಎಂಬತ್ತು ಕಿಲೋ ತುಂಬಿ, ಕಟ್ಟಿ, ಕೋಲುಗಳಿಗೆ ನೇತುಹಾಕಿಯಾಯಿತು. ಒಂದು ಕಡೆಯಿಂದ ಒಬ್ಬರು ತುಂಬುವುದು, ಇನ್ನೊಂದು ಕಡೆಯಿಂದ ಇನ್ನೊಬ್ಬರು ಹಿಡಿದು ಎಳೆಯುವುದು, ಮಧ್ಯೆ ಬೀದಿಯ ಒಂದು ವರ್ಷದ ಸುದ್ದಿಯೆಲ್ಲ ತುಂಬಿಕೊಂಡು ಹೋಗುವುದು. ನಮ್ಮ ಬೀದಿಯವರದೆಲ್ಲ ಕರುಳಿನ ಸಂಬಂಧ. ಕರುಳು ಹಂದಿಯದು, ಅಷ್ಟೇ.

ಮಂಗಳವಾರ ಸಂಜೆ ಲುದಿವೀನೊ ಹೊಸ ಚೊರಿಸೊಗಳಲ್ಲಿ ನಾಲ್ಕನ್ನು ಇಳಿಸಿ, ಹುರಿದು, ವೈನಿನ ಜೊತೆ ಕಟ್ಟೆಯ ಮೇಲಿಟ್ಟ. ಅಬುಂದಿಯೊ ಒಂದು ಹೋಳು ತಿಂದ. ಇನ್ನೊಂದು ತಿಂದ. ಗಂಟಲು ಸರಿಮಾಡಿಕೊಂಡ.

“ಲುದಿವೀನೊ, ಸ್ವಲ್ಪ ಉಪ್ಪು ಕೊಡ್ತೀಯಾ?”

ಅಂಗಡಿಯಲ್ಲಿ ಲೋಟಗಳ ಸದ್ದು ನಿಂತಿತು. ಮೂವತ್ತು ವರ್ಷದಲ್ಲಿ ಆ ಕಟ್ಟೆಯ ಮುಂದೆ ಯಾರೂ ಕೇಳದಿದ್ದ ವಸ್ತು.

“ಏನಂದೆ?”

“ಉಪ್ಪು. ಬಿಳಿ ಇರುತ್ತೆ. ಸಮುದ್ರದಲ್ಲಿ ಸಿಗುತ್ತಲ್ಲ, ಅದು.”

ಬೆನಿಲ್ದೆ ಹಿತ್ತಿಲಿಂದ ಬಂದಳು. ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಈ ಸಲ ಕಣ್ಣು ಮುಚ್ಚಲಿಲ್ಲ. ಮುಖದ ಬಣ್ಣ ಇಳಿಯಿತು. ಅಗಿಯುತ್ತಲೇ ಮಾಡಿನ ಕೋಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು.

“ಒನೊರಿನಾ,” ಅಂದಳು. ಮೂರೂವರೆ ವಾರದಲ್ಲಿ ಮೊದಲ ಮಾತು. “ನೀನು ಎಷ್ಟು ಹಿಡಿ ಹಾಕಿದೆ?”

“ನಾನಾ? ನಾನ್ಯಾಕೆ ಹಾಕಲಿ ಅತ್ತಿಗೆ? ಶಿಲುಬೆ ಎಳೆದಿದ್ದು ನೀವಲ್ವಾ?”

“ನಾನಲ್ಲ.”

“ನಾನೂ ಅಲ್ಲ.”

“ಹಾಗಾದ್ರೆ ದೇವರೇ ಎಳೆದಿರಬೇಕು,” ಅಂದ ಅಬುಂದಿಯೊ.

“ದೇವರು ಎಳೆದಿದ್ರೆ ಉಪ್ಪನ್ನೂ ಹಾಕಿರೋನು. ಅವನೇನು ಅರ್ಧಂಬರ್ಧ ಕೆಲಸ ಮಾಡೋನಲ್ಲ,” ಅಂದಳು ಪ್ರಿಸ್ಕಾ.

ಮೂಲೆಯಲ್ಲಿ ಬಿಸಿ ಕೊಕೊ ಕುಡಿಯುತ್ತಿದ್ದ ನಾನು ಬಲಗೈಯನ್ನು ಮೇಜಿನ ಕೆಳಗೆ ಇಳಿಸಿದೆ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ನಾನು ಉಂಡದ್ದರಲ್ಲಿ ಉಪ್ಪೇ ಇರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳುವಷ್ಟು ಜಾಣತನ ಆಗ ಇರಲಿಲ್ಲ. ಉಳಿದ ಕೊಕೊವನ್ನು ಎಡಗೈಯಲ್ಲೇ ಕುಡಿದು ಮುಗಿಸಿದೆ.

ಉಪ್ಪಿಲ್ಲದ ಚೊರಿಸೊ ಒಣಗುವುದಿಲ್ಲ, ಕೊಳೆಯುತ್ತದೆ. ಚಳಿ ಜೋರಿದ್ದುದರಿಂದ ಅಷ್ಟರವರೆಗೆ ಕೆಟ್ಟಿರಲಿಲ್ಲ. ಅದನ್ನೆಲ್ಲ ಹಸಿಯಾಗಿರುವಾಗಲೇ ಬೇಯಿಸಿ ಮುಗಿಸಬೇಕು. ಎಂಟು ದಿನ ಇಡೀ ಬೀದಿ ಬೆಳಿಗ್ಗೆ ಮಧ್ಯಾಹ್ನ ಸಂಜೆ ಚೊರಿಸೊ ತಿಂದಿತು. ಬೇಳೆಯ ಜೊತೆ, ಆಲೂಗಡ್ಡೆಯ ಜೊತೆ, ವೈನಿನಲ್ಲಿ ಕುದಿಸಿ, ಮೊಟ್ಟೆ ಒಡೆದು ಹಾಕಿ. ಕಟ್ಟೆಯ ಮೇಲೆ ಲುದಿವೀನೊ ಒಂದು ಉಪ್ಪಿನ ಡಬ್ಬಿ ಇಟ್ಟ. ಬೆನಿಲ್ದೆ ಆ ಡಬ್ಬಿಯ ಕಡೆ ನೋಡದೆ ಓಡಾಡುವುದನ್ನು ನೋಡಲಾಗುತ್ತಿರಲಿಲ್ಲ. ಆರು ಕಿಲೋ ಕಾನ್ವೆಂಟಿಗೂ ಹೋಯಿತು. ಸಿಸ್ಟರ್ ಪೆರ್ಪೆತುವಾ, ಇಷ್ಟು ಸಾತ್ವಿಕವಾದ ಚೊರಿಸೊವನ್ನು ಜೀವಮಾನದಲ್ಲಿ ತಿಂದಿರಲಿಲ್ಲ ಅಂತ ಹೊಗಳಿ ಕಳಿಸಿದರು. ಅದಕ್ಕಿಂತ ದೊಡ್ಡ ಬೈಗುಳ ಬೆನಿಲ್ದೆಗೆ ಯಾರೂ ಬೈದಿರಲಿಕ್ಕಿಲ್ಲ.

ಈಗ ಎಲ್ಲರಿಗೂ ಜ್ಞಾಪಕ ಬಂತು.

“ನಂಗೆ ಅವತ್ತೇ ಗೊತ್ತಿತ್ತು,” ಅಂದಳು ಪ್ರಿಸ್ಕಾ.

“ಗೊತ್ತಿದ್ರೆ ಬಾಯಿಬಿಡಬಾರದಾಗಿತ್ತಾ?” ಅಂದ ಲುದಿವೀನೊ.

“ಅವಳು ಸಾಕು ಅಂದಮೇಲೆ ಯಾರು ಬಾಯಿಬಿಡ್ತಾರೆ? ನೀನು ಮದುವೆ ದಿನದಿಂದ ಬಿಟ್ಟಿದೀಯಾ?”

ಶಿಲುಬೆ ಎಳೆದವರು ಯಾರು ಅನ್ನುವುದು ಎರಡು ದಿನದ ಮಾತಾಯಿತು. ಆಮೇಲೆ ಬೀದಿಯ ತಲೆ ತಿಂದ ಪ್ರಶ್ನೆ ಬೇರೆ. ಅದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಒನೊರಿನಾ: “ಶಿಲುಬೆ ಯಾರದ್ದಾದ್ರೂ ಇರಲಿ. ನಾಲಗೆ ಅತ್ತಿಗೇದೇ ತಾನೆ? ತಿಂದು ನೋಡಿ ಸಾಕು ಅಂದ್ರಲ್ಲ, ಯಾಕೆ?” ವಯಸ್ಸಾಯಿತು ಅಂದರು ಕೆಲವರು, ನಲವತ್ತೈದಕ್ಕೆ. ಕಣ್ಣುಬಿದ್ದಿದೆ ಅಂದರು. ನಾಲಗೆ ಸತ್ತಿದೆ ಅಂದರು. ಬೆನಿಲ್ದೆ ಕೇಳಿದವರಿಗೆಲ್ಲ ಬೇಕಾದ್ದು ತೂಗಿ, ಪುಡಿಕೆ ಕಟ್ಟಿ ಕೊಟ್ಟಳು. ಪಕ್ಕದ ಮನೆಯ ತಟ್ಟೆಗಳು ಆ ಚಳಿಗಾಲದಲ್ಲಿ ಅವಳ ಬಾಗಿಲಿಗೆ ಬರಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ಮುಳ್ಳುಚಮಚ ಒನೊರಿನಾಳ ಕೈಗೆ ಹೋಯಿತು. ಬೆನಿಲ್ದೆ ಹಿಂದಿನ ಬೆಂಚಿನಲ್ಲಿ ಕೂತು ದಾರ ಕಟ್ಟಿದಳು.

ನಾನು ಪಕ್ಕದಲ್ಲಿ ಕೂತು ದಾರ ಕತ್ತರಿಸಿ ಕೊಡುತ್ತಿದ್ದೆ. ಒಂದು ವರ್ಷ ಹೊತ್ತು ತಿರುಗಿದ್ದು ಅವತ್ತು ಸಾಕಾಯಿತು. ದೋನ್ ಸತುರಿಯೊಗೆ ಪಾಪನಿವೇದನೆಯಲ್ಲಿ ಆಗಲೇ ಹೇಳಿದ್ದೆ. ಅವರು ಜಾಲರಿಯ ಆಚೆ ಬಹಳ ಹೊತ್ತು ಕೆಮ್ಮಿದರು. ಕೆಮ್ಮಲ್ಲ, ನಗು ಅಂತ ಈಗ ಅನ್ನಿಸುತ್ತದೆ. ಮೂರು ಜಪ ಹೇಳು, ಆಮೇಲೆ ಹೋಗಿ ಅವಳಿಗೇ ಹೇಳು ಅಂದಿದ್ದರು. ಜಪ ತಕ್ಷಣ ಹೇಳಿದ್ದೆ.

“ಸೆನ್ಯೋರ ಬೆನಿಲ್ದೆ, ಆ ಶಿಲುಬೆ ನಾನು ಎಳೆದಿದ್ದು.”

ಅವಳು ಗಂಟು ಬಿಗಿದಳು. ಹಲ್ಲಿನಿಂದ ದಾರ ಕಡಿದಳು. “ಗೊತ್ತು,” ಅಂದಳು.

“ಗೊತ್ತಾ? ಹೇಗೆ?”

“ನಿನ್ನ ಸಮವಸ್ತ್ರದ ತೋಳಿನ ಅಂಚಿಗೆ ಮೆಣಸಿನ ಪುಡಿ ಮೆತ್ಕೊಂಡಿತ್ತು. ಅದು ಒಗೆದ್ರೂ ಹೋಗಲ್ಲ.”

“ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?”

“ಹೇಳಿ? ಶಿಲುಬೆ ಎಳೆದಿದ್ದು ನೀನು. ಸಾಕು ಅಂದಿದ್ದು ನಾನು. ಆ ದಾರದುಂಡೆ ಇತ್ತ ಕೊಡು.”

ಅಷ್ಟೇ. ಅವತ್ತು ನೇರ ಮನೆಗೆ ಹೋಗದೆ ಸೇತುವೆಯ ಮೇಲೆ ನಿಂತು ಅತ್ತೆ. ಅಲ್ಲಿಂದ ನನ್ನ ತಲೆಯಲ್ಲಿ ಒಂದು ಕಥೆ ಬೆಳೆಯತೊಡಗಿತು. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತು. ಶನಿವಾರವೇ ನನ್ನ ತೋಳು ನೋಡಿದ್ದಳು. ಇಪ್ಪತ್ತು ಜನರ ಮುಂದೆ ಉಪ್ಪಿಲ್ಲ ಅಂದರೆ ಶಿಲುಬೆ ಯಾರದು ಅಂತ ಎದ್ದು, ಒಂಬತ್ತು ವರ್ಷದ ಹುಡುಗಿ ಬಯಲಾಗುತ್ತಾಳೆ ಅಂತ, ತನ್ನ ಇಪ್ಪತ್ತು ವರ್ಷದ ನಾಲಗೆಯ ಹೆಸರನ್ನು ನನ್ನ ಮೇಲೆ ನಿವಾಳಿಸಿ ಬಿಸಾಡಿದಳು. ಕಾನ್ವೆಂಟಿನಲ್ಲಿ ಸಂತರ ಕಥೆಗಳನ್ನು ಬೆಳಿಗ್ಗೆ ಸಂಜೆ ಕೇಳಿ ಬೆಳೆದವಳಿಗೆ ಇಂಥ ಕಥೆ ಹೊಳೆಯುವುದು ಕಷ್ಟವಲ್ಲ.

ಒನೊರಿನಾಳ ಆಳ್ವಿಕೆ ಜೋರಾಗಿಯೇ ಶುರುವಾಯಿತು. ಹೋದ ವರ್ಷದ ಸಪ್ಪೆಗೆ ಹೆದರಿ ಅವಳು ಉಪ್ಪನ್ನು ಮುಷ್ಟಿ ಬಿಚ್ಚಿ ಹಾಕಿದಳು. ಲುದಿವೀನೊಗೆ ಆನಂದ: ಎರಡು ಹೋಳು ತಿಂದವನು ಮೂರು ಲೋಟ ಕುಡಿಯುತ್ತಿದ್ದ. “ನನ್ನ ತಂಗಿ ಕೈ ಅಂದ್ರೆ ಕೈ!” ಅನ್ನುತ್ತಿದ್ದ. ಆದರೆ ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದು ಮುಂದಿನ ವಾರದ ಸೋಮವಾರ ಇಡೀ ಊರು ನದಿಯ ದಂಡೆಗೆ ಬರುತ್ತದೆ. ಹುಲ್ಲಿನ ಮೇಲೆ ಕೂತು, ಚೊರಿಸೊ ಮೊಟ್ಟೆ ತುಂಬಿ ಸುಟ್ಟ ಕಡುಬಿನಂಥ ಒರ್ನಾಸೊ ತಿನ್ನುತ್ತದೆ. ಈ ಹಬ್ಬ ಯಾಕೆ ಬಂತು ಅಂತ ಕೇಳಿದರೆ ಸಿಸ್ಟರುಗಳು ಕಿವಿ ಕೆಂಪಾಗಿಸಿಕೊಂಡು ಗುಣಾಕಾರದ ಮಗ್ಗಿ ಹೇಳಿಸುತ್ತಿದ್ದರು. ಹಳೇ ಕಾಲದಲ್ಲಿ ಉಪವಾಸದ ನಲವತ್ತು ದಿನ ಸೂಳೆಯರನ್ನು ನದಿಯಾಚೆ, ಅಂದರೆ ನಮ್ಮ ದಂಡೆಗೆ, ಅಟ್ಟುತ್ತಿದ್ದರಂತೆ. ಅವರು ದೋಣಿಯಲ್ಲಿ ವಾಪಸು ಬರುವ ದಿನ ಇದು. ಆ ವರ್ಷ ನಮ್ಮ ಬೀದಿಯ ಒರ್ನಾಸೊಗಳಲ್ಲೆಲ್ಲ ಒನೊರಿನಾಳ ಚೊರಿಸೊ. ಮಧ್ಯಾಹ್ನ ಎರಡಕ್ಕೆ ವೈನು ಖಾಲಿ. ಎರಡೂವರೆಗೆ ನೀರು ಖಾಲಿ. ಮೂರಕ್ಕೆ ಎಲ್ಲರ ಕಣ್ಣೂ ನದಿಯ ಮೇಲೆ.

“ಬೆನಿಲ್ದೆ,” ಅಂದಳು ಪ್ರಿಸ್ಕಾ, ನಾಲಗೆ ಅಂಗುಳಿಗೆ ಅಂಟಿಕೊಂಡ ದನಿಯಲ್ಲಿ, “ನಿನ್ನ ಆ ಸಪ್ಪೆ ಚೊರಿಸೊ ನೆನೆಸ್ಕೊಂಡ್ರೆ ಕಣ್ಣಲ್ಲಿ ನೀರು ಬರುತ್ತೆ ಕಣೇ.”

“ಆ ನೀರನ್ನಾದ್ರೂ ಇತ್ತ ಕೊಡೇ, ಕುಡೀತೀನಿ,” ಅಂದ ಅಬುಂದಿಯೊ.

ಆದರೆ ಒನೊರಿನಾಳನ್ನು ಇಳಿಸಿದ್ದು ಉಪ್ಪಲ್ಲ. ಅವಳಿಗೆ ಇನ್ನೊಂದು ಅಭ್ಯಾಸವಿತ್ತು. ಬಾಯಿಗಿಟ್ಟು, ಅಗಿದು, ಎಲ್ಲರ ಮುಖ ನೋಡಿ, “ಸರಿಯಾಗಿದೆಯಾ?” ಅಂತ ಕೇಳುವುದು. ಒಬ್ಬ ಹೌದು ಅಂದ, ಇನ್ನೊಬ್ಬ ಇಲ್ಲ ಅಂದ, ಅಲ್ಲೇ ಜಗಳ, ಬಾಣಲೆ ಆರಿ ಕೊಬ್ಬು ಗಟ್ಟಿಯಾಯಿತು. ಇದು ನಮ್ಮ ಬೀದಿಗೆ ಸಹಿಸಲಾಗದ ವಿಷಯ. ತಪ್ಪು ತೀರ್ಪು ಕೊಡುವವರ ಜೊತೆ ನಾವು ಬದುಕಿದ್ದೇವೆ, ದೇಶ ಅಂಥ ದಿನಗಳನ್ನು ಎಷ್ಟೋ ಕಂಡಿದೆ. ತೀರ್ಪು ಕೊಡಬೇಕಾದವರೇ ನಮ್ಮನ್ನು ಕೇಳಿದರೆ ಏನು ಮಾಡುವುದು?

ಮೂರನೇ ಡಿಸೆಂಬರಿನಲ್ಲಿ ಬಾಣಲೆ ಏರಿದಾಗ ಒನೊರಿನಾ ಮುಳ್ಳುಚಮಚ ಹಿಡಿದು ಒಂದು ಕ್ಷಣ ನಿಂತಳು. ಆಮೇಲೆ ಹಿಂದಿನ ಬೆಂಚಿಗೆ ಹೋದಳು.

“ತಗೊಳ್ಳಿ ಅತ್ತಿಗೆ. ಇವರ ಜೊತೆ ನನಗೆ ಏಗೋಕಾಗಲ್ಲ. ನಾನು ನಿಜ ಹೇಳಿದ್ರೂ ಬೇಡ, ನೀವು ಸುಳ್ಳು ಹೇಳಿದ್ರೂ ಸಾಕು.”

ಬೆನಿಲ್ದೆ ಏಪ್ರನ್ನಿಗೆ ಕೈ ಒರೆಸಿಕೊಂಡು ಎದ್ದಳು. ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಮುಖವನ್ನು ಮಾಡಿನ ಕಡೆ ಎತ್ತಿದಳು.

“ಇನ್ನರ್ಧ ಹಿಡಿ,” ಅಂದಳು.

ಅಬುಂದಿಯೊ ಟೋಪಿ ತೆಗೆದ. ದೋನ್ ಸತುರಿಯೊ ಶಿಲುಬೆ ಎಳೆಯಲು ಕೈ ಎತ್ತಿ, ಮರಿಗೆಯ ಕಡೆ ನೋಡಿ, ಪುನಃ ಇಳಿಸಿದರು.

ಅದಾದಮೇಲೆ ಇಪ್ಪತ್ತೇಳು ವರ್ಷ ಅವಳು ಬೀದಿಯ ಉಪ್ಪು ನೋಡಿದಳು. ಲುದಿವೀನೊ ಹೋದ, ಒನೊರಿನಾ ಹೋದಳು. ಒನೊರಿನಾ ತೀರಿಕೊಂಡ ವಾರವೇ ಅಂಗಡಿಗೆ ಹಸಿರು ಪರದೆ ಬಂತು. ಅವಳು ಕೇಳಿದ್ದ ಬಣ್ಣ. ಮನೆಗಳಲ್ಲಿ ಮಾಂಸ ಕೊಚ್ಚುವವರು ಕಡಿಮೆಯಾದರು, ಮುಚ್ಚಿಕೊಂಡು ಬರುವ ತಟ್ಟೆಗಳು ಕಡಿಮೆಯಾದವು, ಕೊನೆಗೆ ಒಂದು ಜೂನ್ ತಿಂಗಳಲ್ಲಿ ಅಂಗಡಿಯ ಬಾಗಿಲೂ ಇಳಿಯಿತು. ಈಗ ಅಲ್ಲಿ ಮೊಬೈಲ್ ರಿಪೇರಿ. ಮಾಡಿನ ಕೊಕ್ಕೆಗಳನ್ನು ಹಾಗೇ ಬಿಟ್ಟಿದ್ದಾರೆ. ನಾನು ಒಂದು ಸಲ ಫೋನು ತೋರಿಸಲು ಹೋಗಿ ಮೂರನೇ ಕೊಕ್ಕೆಯ ಕೆಳಗೆ ನಿಂತು ಸುಮ್ಮನೆ ತಲೆ ಎತ್ತಿದೆ. ರಿಪೇರಿಯವನು, “ನೆಟ್‌ವರ್ಕ್ ಅಲ್ಲೇನೂ ಜಾಸ್ತಿ ಸಿಗಲ್ಲ ಮೇಡಂ,” ಅಂದ.

ಬೆನಿಲ್ದೆಗೆ ಈಗ ತೊಂಬತ್ತೊಂದು. ಸಿಸ್ಟರುಗಳು ನಡೆಸುವ ವೃದ್ಧಾಶ್ರಮದಲ್ಲಿದ್ದಾಳೆ. ರಕ್ತದೊತ್ತಡಕ್ಕೆ ಡಾಕ್ಟರು ಉಪ್ಪು ನಿಲ್ಲಿಸಿದ್ದಾರೆ. ಹೋದ ನವೆಂಬರಿನಲ್ಲಿ ನಾನು ಮಾರುಕಟ್ಟೆಯ ಹಿಂದಿನ ಸಣ್ಣ ಅಂಗಡಿಯಿಂದ, ಈಗಲೂ ಮನೆಯಲ್ಲೇ ತುಂಬುವ ಒಬ್ಬನ ಹತ್ತಿರ, ನಾಲ್ಕು ಹೋಳು ಚೊರಿಸೊ ತೆಳ್ಳಗೆ ಕೊಯ್ಸಿಕೊಂಡು ಕರವಸ್ತ್ರದಲ್ಲಿ ಸುತ್ತಿ ಒಯ್ದೆ. ಸಿಸ್ಟರ್ ಅತ್ತ ತಿರುಗುವುದನ್ನು ಕಾದು ಅಂಗೈಗೆ ಹಾಕಿದೆ. ಅವಳು ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮುಖ ಮೆಲ್ಲಗೆ ಮೇಲಕ್ಕೆದ್ದಿತು. ಅಲ್ಲಿ ಕೊಕ್ಕೆಗಳ ಮಾಡು ಇಲ್ಲ, ಟ್ಯೂಬ್‌ಲೈಟು. ನಲವತ್ತೈದು ವರ್ಷ ಒಳಗಿಟ್ಟುಕೊಂಡಿದ್ದ ಪ್ರಶ್ನೆ ಇವತ್ತು ಕೇಳದಿದ್ದರೆ ಇನ್ನು ಕೇಳಲಾರೆ ಅನ್ನಿಸಿತು.

“ಸೆನ್ಯೋರ ಬೆನಿಲ್ದೆ, ಒಂದು ನಿಜ ಹೇಳಿ. ಆ ಶನಿವಾರ ಮೊದಲ ತುತ್ತಿಗೇ ನಿಮಗೆ ಉಪ್ಪಿಲ್ಲ ಅಂತ ಗೊತ್ತಾಗಿತ್ತು ಅಲ್ವಾ? ನನ್ನ ತೋಳು ನೋಡಿದ್ರಿ. ಎಲ್ಲರ ಮುಂದೆ ನಾನು ಸಿಕ್ಕಿಬೀಳಬಾರದು ಅಂತ, ನನಗೋಸ್ಕರ ಸಾಕು ಅಂದ್ರಿ. ಹೌದು ತಾನೆ?”

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಎರಡನೇ ಹೋಳು ತೆಗೆದುಕೊಂಡಳು.

“ನಿನ್ನ ತೋಳು ನೋಡಿದ್ದು ಮಂಗಳವಾರ, ನೀನು ಕೊಕೊ ಕುಡಿಯೋವಾಗ.”

“ಹಾಗಾದ್ರೆ ಶನಿವಾರ?”

“ಶನಿವಾರ ತಡವಾಗಿ ಎದ್ದಿದ್ದೆ. ಬೆಳಗ್ಗೆಯಿಂದ ಒಂದು ತುತ್ತೂ ತಿಂದಿರಲಿಲ್ಲ,” ಅಂದಳು ಅಗಿಯುತ್ತ. “ಹಸಿವಾಗಿತ್ತು ಕಣೇ.”